ಮುಖದಿಂದ ಮಾರುಕಟ್ಟೆಯ ನಕ್ಷೆ: ನನ್ನ ಅನುಭವ

ಮುಖವನ್ನಿಟ್ಟುಕೊಂಡು ಮಾನವ ಭೂಗೋಳದ ಅಧ್ಯಯನ ಮಾಡುತ್ತೇನೆ ಎಂದಾಗ ಜೊತೆಯವರು ಯಾರೂ ಒಪ್ಪಲಿಲ್ಲ. ‘ಬ್ರಿಟಿಷ್ ಅಧಿಕಾರಿ ಹರ್ಬರ್ಟ್ ರಿಸ್ಲೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೂಗು ಅಳೆದು ಜಾತಿಗಳನ್ನು ಸಾಲುಗಟ್ಟಿಸಿದ. ನಿಮ್ಮದೂ ಅದೇ ದಾರಿ’ ಎಂದರು ಹಿರಿಯರೊಬ್ಬರು. ಆ ಮಾತು ನಾಟಿತು. ಅಳತೆಪಟ್ಟಿಯನ್ನು ಮುಟ್ಟುವುದೇ ಇಲ್ಲ ಎಂದು ಅಂದೇ ನಿರ್ಧರಿಸಿದೆ.

ಆದರೂ ಮೊದಲ ವರ್ಷ ನೀರಿನಲ್ಲಿ ಹೋಮ. ಹಳೆಯ ಕ್ಯಾಮೆರಾಕ್ಕೆ ಇಪ್ಪತ್ತೆಂಟು ಸಾವಿರದಷ್ಟು ಸುರಿದು, ನಸುಕಿಗೇ ಮಲ್ಪೆ ಬಂದರಿನಲ್ಲಿ ನಿಲ್ಲುತ್ತಿದ್ದೆ. ಮೀನಿನ ಏಲಂ ಹೊತ್ತಿಗೆ ಕ್ಯಾಮೆರಾ ಎತ್ತಿದರೆ ಹೆಂಗಸರು ಸೆರಗು ಎಳೆದುಕೊಳ್ಳುತ್ತಿದ್ದರು, ಒಡಿಶಾದ ಹುಡುಗರು ಬಲೆಯ ರಾಶಿಯ ಹಿಂದೆ ಸರಿಯುತ್ತಿದ್ದರು. ನಾನೂರು ಚಿತ್ರಗಳಲ್ಲಿ ಉಪಯೋಗಕ್ಕೆ ಬಂದದ್ದು ಹತ್ತೋ ಹನ್ನೆರಡೋ.

ದಾರಿ ತೋರಿಸಿದವರು ಮಾರುಕಟ್ಟೆಯ ಹೊರಗೆ ಬುಟ್ಟಿ ಇಟ್ಟು ಕೂರುವ ಒಬ್ಬ ಅಮ್ಮ. ಅವರ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಕೈಗೆ ಕೊಟ್ಟೆ. ಬಿಸಿಲುಂಡು ಕಪ್ಪಾದ ಕೆನ್ನೆ; ಕಣ್ಣಂಚಿನ ಸುಕ್ಕುಗಳ ಆಳದಲ್ಲಿ ಮಾತ್ರ ಬಿಳಿಚಿದ ಗೆರೆಗಳು. ಮೀನಿನ ವಾಸನೆಯ ಬೆರಳನ್ನು ಅಲ್ಲೇ ಇಟ್ಟು, ‘ಕಣ್ಣು ಕಿರಿದು ಮಾಡಿ ಮಾಡಿ ಆದದ್ದು ಮಗ. ಒಳಗಿನ ಜಾಗ ಹೋದ ಮೇಲೆ ಬೆಳಗ್ಗಿನ ಬಿಸಿಲಿಗೆ ಮುಖ ಕೊಟ್ಟೇ ಕೂತದ್ದು’ ಎಂದರು. ನೆರಳು ಯಾರ ಪಾಲಿಗೆ, ಬಿಸಿಲು ಯಾರ ಪಾಲಿಗೆ ಎಂಬ ನಕ್ಷೆ ಆ ಗೆರೆಗಳಿಂದಲೇ ಹೊರಟಿತು.

ಅಲ್ಲಿಂದ ಮುಂದೆ ಮೊದಲು ಚಿತ್ರ ಕೊಡುವುದು, ಆಮೇಲೆ ಕೇಳುವುದು. ತುಳುವಿನಲ್ಲಿ ‘ಮೋನೆ’ (ಮುಖ) ಎಂದು ಶುರು ಮಾಡಿದರೆ ಮಾತು ಬೇಗ ಬಿಚ್ಚುತ್ತದೆ. ಮೊದಲ ಪ್ರಶ್ನೆ ಯಾವುದೆಂದು ಮಾತ್ರ ಹೇಳುವುದಿಲ್ಲ. ಅದನ್ನು ಕಂಡುಕೊಳ್ಳಲು ಎಂಟು ತಿಂಗಳು ಹಿಡಿದಿದೆ. ಚಿತ್ರ ಮುದ್ರಿಸಲು ಹಾಳೆಗೆ ನಲವತ್ತು ರೂಪಾಯಿಯಂತೆ ಅರವತ್ತು ಚಿಲ್ಲರೆ ಜನ, ಒಟ್ಟು ಎರಡೂವರೆ ಸಾವಿರದ ಆಸುಪಾಸು. ಕ್ಯಾಮೆರಾಕ್ಕೆ ಸುರಿದದ್ದರ ಹತ್ತನೆಯ ಒಂದು ಪಾಲೂ ಇಲ್ಲ! ಜೂನ್, ಜುಲೈ ತಿಂಗಳ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ದೋಣಿ ನಡೆಸುವ ತಾಂಡೇಲರು ಬಿಡುವಾಗಿ ಸಿಗುತ್ತಾರೆ, ಆದರೆ ಹೊರರಾಜ್ಯದವರು ಊರಿಗೆ ಹೋಗಿರುತ್ತಾರೆ. ಅವರನ್ನು ಮೇ ತಿಂಗಳೊಳಗೇ ಮಾತನಾಡಿಸಬೇಕು.

ನಡುವೆ ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಗೂ ಹೋದೆ. ತೆಂಕುತಿಟ್ಟು ಶೈಲಿಯ ಬಣ್ಣದ ವೇಷಧಾರಿಯೊಬ್ಬರು (ರಾಕ್ಷಸ ಪಾತ್ರದವರು) ಗಂಟೆಗಟ್ಟಲೆ ಕೂತು ಅಕ್ಕಿಹಿಟ್ಟಿನ ಚುಟ್ಟಿಯನ್ನು ಮುಖದ ಮೇಲೆ ಇಡುವುದನ್ನು ನೋಡಿದೆ. ‘ರಾತ್ರಿ ಈ ಮುಖಕ್ಕೆ ಊರೇ ಕಾಯುತ್ತದೆ, ಬೆಳಗ್ಗೆ ಬಸ್ಸಿನಲ್ಲಿ ಯಾರಿಗೂ ಗುರುತಿಲ್ಲ’ ಎಂದರು. ನನ್ನ ನಕ್ಷೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ, ಬಿಡಲು ಮನಸ್ಸೂ ಇಲ್ಲ.

ರಿಸ್ಲೆಯ ಹೆಸರೆತ್ತಿದ ಹಿರಿಯರು ಕಳೆದ ತಿಂಗಳು ನಕ್ಷೆಯ ಪ್ರತಿ ಕೇಳಿ ಪಡೆದರು. ಮೊದಲ ಪ್ರತಿ ಆ ಅಮ್ಮನ ಮನೆಯ ಗೋಡೆಯಲ್ಲಿದೆ.