23 ಟ್ರ್ಯಾಕ್, ನಾಲ್ಕು ಬಸ್

ಡೊಂಬಿವಲಿಯಲ್ಲಿ ನಮ್ಮ ಮನೆ ರೈಲು ಹಳಿಗೆ ತೀರಾ ಹತ್ತಿರ. ಫಾಸ್ಟ್ ಲೋಕಲ್ ಹೋದರೆ ಕಿಟಕಿ ಗಾಜು ಗುಂಯ್ ಅನ್ನುತ್ತದೆ. ಅದರ ನಡುವೆಯೇ ನಮ್ಮ ಭಜನಾ ಮಂಡಳಿಯ ದಾಸರ ಪದಗಳನ್ನು ರೆಕಾರ್ಡ್ ಮಾಡಿದೆ, ಒಂದೊಂದು ಚರಣವಾಗಿ, ರೈಲು ಬರದ ಹೊತ್ತು ನೋಡಿಕೊಂಡು.

ಎಂಟು ಜನರ ಕೋರಸ್ಸನ್ನು ಎರಡೆರಡು ಸಲ ಹಾಡಿಸಿದ್ದೆ. ಅದೇ 16 ಟ್ರ್ಯಾಕ್, ಅಂದರೆ 16 ಬೇರೆಬೇರೆ ರೆಕಾರ್ಡಿಂಗ್, ಆಯಿತು. ತಬಲಾಕ್ಕೆ ಎರಡು ಮೈಕು, ಹಾರ್ಮೋನಿಯಂ, ತಂಬೂರಿ, ಪಿಟೀಲು, ತಾಳ, ಮುಖ್ಯ ಗಾಯಕಿ. ಒಟ್ಟು 23. ಇವನ್ನೆಲ್ಲ ಬೆರೆಸಿ ಮಿಕ್ಸ್ ಮಾಡುವಾಗ ಕೋರಸ್ ಸ್ವಲ್ಪ ಇಳಿಸಬೇಕೆಂದರೆ ಸದ್ದು ಏರಿಳಿಸುವ 16 ಫೇಡರ್ ಎಳೆಯಬೇಕು. ಎರಡು ದಿನ ಹಾಗೇ ಒದ್ದಾಡಿ, ಆಮೇಲೆ ಬಸ್ ಮಾಡಿಕೊಂಡೆ, ಅಂದರೆ ಹಲವು ಟ್ರ್ಯಾಕಿನ ಸದ್ದನ್ನು ಒಟ್ಟುಗೂಡಿಸಿ ಒಂದೇ ಫೇಡರಿನಲ್ಲಿ ಹಿಡಿಯುವ ದಾರಿ: ಕೋರಸ್, ತಾಳವಾದ್ಯ, ಶ್ರುತಿ ಮತ್ತು ಸ್ವರವಾದ್ಯ, ರಿವರ್ಬ್ (ಗುಂಗು). ಗಾಯಕಿಯ ದನಿ ಒಂಟಿಯಾಗಿಯೇ ಇರಲಿ ಎಂದು ಬಿಟ್ಟೆ.

ಬಸ್ ಮಾಡಿದ ಮೊದಲ ದಿನವೇ ಎಡವಟ್ಟು. ಕೋರಸ್ಸನ್ನು ಬಸ್ಸಿಗೆ ಕಳಿಸಿದೆ, ಆದರೆ ಅದು ನೇರವಾಗಿ ಮಾಸ್ಟರಿಗೆ (ಎಲ್ಲ ಸದ್ದೂ ಕೊನೆಗೆ ಸೇರುವ ಜಾಗ) ಹೋಗುವ ದಾರಿ ಮುಚ್ಚಲು ಮರೆತೆ. ಒಂದೇ ಸದ್ದು ಎರಡು ದಾರಿಯಲ್ಲಿ ಬಂದು ಸೇರಿದರೆ 6 ಡಿಬಿ (ಡೆಸಿಬಲ್, ಸದ್ದಿನ ಅಳತೆ) ಏರುತ್ತದೆ. ಮಂಡಳಿ ಅಷ್ಟು ಜೋರಾಗಿ ಹಾಡಿದ್ದು ಯಾವಾಗ ಅಂತ ನಾನೇ ಬೆರಗಾದೆ! ಆಮೇಲೆ ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನ ಫೋಲ್ಡರ್ ಟ್ರ್ಯಾಕ್ ಬಳಸಿದೆ. ಅದರೊಳಗೆ ಹಾಕಿದ ಟ್ರ್ಯಾಕುಗಳೆಲ್ಲ ಅದರ ಮೂಲಕವೇ ಹೋಗುತ್ತವೆ.

ರೈಲಿನ ಗುಡುಗು ತೆಗೆಯಲು ಕೋರಸ್ ಬಸ್ ಮೇಲೆ 100 ಹರ್ಟ್ಸ್‌ಗೆ, ಅದಕ್ಕಿಂತ ಕೆಳಗಿನ ಸದ್ದು ತಗ್ಗಿಸುವ ಒಂದೇ ಒಂದು ಹೈಪಾಸ್ ಫಿಲ್ಟರ್ ಹಾಕಿದೆ. ಫಿಲ್ಟರನ್ನು 16 ಕಡೆ ಹಾಕಿದರೂ ಒಂದು ಕಡೆ ಹಾಕಿದರೂ ಕಿವಿಗೆ ಬರುವುದು ಒಂದೇ. ಜೋರಾದ ಸದ್ದನ್ನು ಅದುಮುವ ಕಂಪ್ರೆಸರ್ ಹಾಗಲ್ಲ. ಬಸ್ ಮೇಲೆ ಕೂತರೆ ಅದು ಎಲ್ಲರ ಒಟ್ಟು ಸದ್ದನ್ನು ನೋಡಿ ಎಲ್ಲರನ್ನೂ ಒಟ್ಟಿಗೇ ಅದುಮುತ್ತದೆ. ಕೋರಸ್ಸಿಗೆ ಇದು ಚೆನ್ನಾಗಿ ಹೊಂದಿತು. ಅದುಮುವ ಅನುಪಾತ 2:1, ಅಟ್ಯಾಕ್ (ಅದುಮಲು ತೆಗೆದುಕೊಳ್ಳುವ ಹೊತ್ತು) 30 ಮಿಲಿಸೆಕೆಂಡ್, ಅದುಮಿದ್ದೆಷ್ಟು ಎಂದು ತೋರಿಸುವ ಮುಳ್ಳು ಎರಡು ಡಿಬಿಗಿಂತ ಜಾಸ್ತಿ ಇಳಿಯಬಾರದು. ಎಂಟು ಮಂದಿ ಒಂದೇ ಜಮಖಾನೆ ಮೇಲೆ ಕೂತ ಹಾಗೆ ಕೇಳಿಸಿತು.

ತಾಳವಾದ್ಯದ ಬಸ್ಸಲ್ಲಿ ಅದೇ ಉಪಾಯ ಕೈಕೊಟ್ಟಿತು. ಪ್ರತಿ ಸಲ ತಾಳ ಟಿಣ್ ಎಂದಾಗ ಎಡಗೈಯ ಡಗ್ಗಾ ಕುಗ್ಗಿಹೋಗುತ್ತಿತ್ತು. ತಾಳದ ಏಟಿಗೆ ಕಂಪ್ರೆಸರ್ ಬೆಚ್ಚಿ ತಬಲಾದ ತಲೆ ಮೇಲೆ ಮೊಟಕುತ್ತಿತ್ತು. ತಾಳವನ್ನು ಹೊರಗೆ ಹಾಕಿದೆ, ಸರಿಹೋಯಿತು. ಜಾತಿ ಒಂದೇ ಅಂತ ವಾದ್ಯಗಳನ್ನು ಸುಮ್ನೆ ಒಂದೇ ಬಸ್ಸಿಗೆ ಹತ್ತಿಸಬಾರದು. ಒಟ್ಟಿಗೆ ಏರಿಳಿಯುವಂಥವು ಜೊತೆಗಿದ್ದರೆ ಸಾಕು, ಅಲ್ವಾ?

ಇನ್ನು ರಿವರ್ಬ್. ಮೊದಲು ಕೋರಸ್ಸಿನ ಪ್ರತಿ ಟ್ರ್ಯಾಕಿನಿಂದಲೂ ರಿವರ್ಬಿಗೆ ಸೆಂಡ್ (ಸದ್ದಿನ ಒಂದು ಪ್ರತಿ ಕಳಿಸುವ ದಾರಿ) ಕೊಟ್ಟಿದ್ದೆ. ಬಸ್ಸನ್ನು 4 ಡಿಬಿ ಇಳಿಸಿದರೆ ದನಿ ದೂರ ಹೋಯಿತು, ಗುಂಗು ಮಾತ್ರ ಅಲ್ಲೇ ಉಳಿಯಿತು. ದೇವಸ್ಥಾನದ ಬಾವಿಯೊಳಗೆ ಇಳಿದು ಹಾಡಿದ ಹಾಗೆ. ಟ್ರ್ಯಾಕಿನ ಸೆಂಡಿಗೆ ಬಸ್ಸಿನ ಫೇಡರ್ ಗೊತ್ತೇ ಇರುವುದಿಲ್ಲ. ಅವನ್ನೆಲ್ಲ ಕಿತ್ತು, ಬಸ್ಸಿನಿಂದಲೇ ಒಂದು ಪೋಸ್ಟ್-ಫೇಡರ್ ಸೆಂಡ್ ಕೊಟ್ಟೆ, ಅಂದರೆ ಫೇಡರ್ ದಾಟಿದ ಮೇಲಿನ ಸದ್ದು ಹೋಗುವಂಥದ್ದು.

ಕೇಳಿಸಲು ಕರೆದಾಗ ಹಾರ್ಮೋನಿಯಂ ನುಡಿಸಿದ ಹಿರಿಯರು, "ನನ್ನ ಪೆಟ್ಟಿಗೆ ಸ್ವಲ್ಪ ಜಾಸ್ತಿ ಮಾಡಪ್ಪಾ" ಎಂದರು. ನಾನು ಪೆಟ್ಟಿಗೆ ಮುಟ್ಟಲೇ ಇಲ್ಲ. ಕೋರಸ್ ಬಸ್ಸನ್ನು ಒಂದು ಡಿಬಿ ಇಳಿಸಿದೆ, ಗುಂಗೂ ಜೊತೆಗೇ ಇಳಿಯಿತು. "ಹಾಂ, ಈಗ ಬಂತು ನೋಡು" ಎಂದರು.