ಬರಿಗಣ್ಣಿನಲ್ಲೇ ತ್ರೀಡಿ ಫೋಟೋ ನೋಡುವುದು ಹೇಗೆ?

ನಮ್ಮ ಎರಡು ಕಣ್ಣುಗಳ ನಡುವೆ ಸುಮಾರು 6 ಸೆಂ.ಮೀ. ಅಂತರ ಇದೆ. ಹಾಗಾಗಿ ಒಂದೇ ವಸ್ತು ಎರಡು ಕಣ್ಣಿಗೆ ಸ್ವಲ್ಪ ಬೇರೆ ಬೇರೆಯಾಗಿ ಕಾಣುತ್ತದೆ. ಆ ವ್ಯತ್ಯಾಸ ಹಿಡಿದುಕೊಂಡು ಮಿದುಳು ಯಾವುದು ಹತ್ತಿರ, ಯಾವುದು ದೂರ ಅಂತ ಲೆಕ್ಕ ಹಾಕುತ್ತದೆ. 1838ರಲ್ಲಿ ಬ್ರಿಟಿಷ್ ವಿಜ್ಞಾನಿ ಚಾರ್ಲ್ಸ್ ವೀಟ್‌ಸ್ಟೋನ್ ಎರಡು ಕನ್ನಡಿ, ಎರಡು ಚಿತ್ರ ಇಟ್ಟು ಇದನ್ನು ತೋರಿಸಿಕೊಟ್ಟರು. ನಿಮಗೆ ಒಂದು ಫೋನ್ ಸಾಕು.

ಮೊದಲು ಫೋಟೋ. ಎರಡು ಮೀಟರ್ ದೂರದಲ್ಲಿ ಒಂದು ಹೂಕುಂಡ ಇಟ್ಟುಕೊಳ್ಳಿ. ಗಾಳಿ ಇರುವಾಗ ಬೇಡ, ಎಲೆ ಅಲ್ಲಾಡಿದರೆ ಕೆಟ್ಟಿತು. ಎಡಗಾಲಿನ ಮೇಲೆ ಭಾರ ಹಾಕಿ ಒಂದು ಫೋಟೋ, ಬಲಗಾಲಿಗೆ ಭಾರ ಬದಲಿಸಿ ಇನ್ನೊಂದು. ಫೋನ್ ಪಕ್ಕಕ್ಕೆ ಸರಿಯಬೇಕು ಅಷ್ಟೇ, ತಿರುಗಬಾರದು.

ಎಡದ್ದನ್ನು ಎಡಕ್ಕೆ, ಬಲದ್ದನ್ನು ಬಲಕ್ಕೆ ಜೋಡಿಸಿ. ಒಂದೊಂದೂ 5 ಸೆಂ.ಮೀ. ಅಗಲ ಇರಲಿ. ಇದಕ್ಕಿಂತ ತುಂಬಾ ದೊಡ್ಡದು ಮಾಡಿದರೆ ಕಣ್ಣುಗಳು ಹೊರಕ್ಕೆ ತಿರುಗಬೇಕಾಗುತ್ತದೆ, ಅದು ಆಗದ ಮಾತು. ಒಂದೇ ಫೋಟೋದಿಂದ ತ್ರೀಡಿ ಮಾಡಿಕೊಡುವ ಆ್ಯಪ್‌ಗಳನ್ನು ನಂಬಬೇಡಿ, ಅವು ಆಳವನ್ನು ಊಹೆ ಮಾಡುತ್ತವೆ. ಕೆಂಪು-ನೀಲಿ ಕಾಗದದ ಕನ್ನಡಕವೂ ಬೇಡ, ಬಣ್ಣವೆಲ್ಲಾ ಹಾಳು.

ಎಲ್ಲರೂ ಎಡವುವುದು ಈಗ, ನೋಡುವಾಗ. ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯಿರಿ. ಫೋಟೋ ನೋಡಲು ಹೋಗಬೇಡಿ. ಅದರಾಚೆ, ದೂರದ ಗೋಡೆ ನೋಡುತ್ತಿರುವ ಹಾಗೆ ಕಣ್ಣು ಸಡಿಲ ಬಿಡಿ. ಎಲ್ಲಾ ಮಸುಕಾಗುತ್ತದೆ, ಆಗಲಿ. ಈಗ ಫೋನನ್ನು ನಿಧಾನಕ್ಕೆ, ತುಂಬಾ ನಿಧಾನಕ್ಕೆ ದೂರ ಸರಿಸಿ. ಎರಡಿದ್ದ ಚಿತ್ರ ನಾಲ್ಕಾಗಿ, ನಡುವಿನ ಎರಡು ಒಂದರ ಮೇಲೊಂದು ಜಾರಿ ಮೂರು ಉಳಿಯುತ್ತವೆ. ನಿಮಗೆ ಬೇಕಾದ್ದು ನಡುವಿನದ್ದು. ಅದು ಇನ್ನೂ ಮಸುಕಾಗಿಯೇ ಇರುತ್ತದೆ, ಹೆಚ್ಚಿನವರು ಇಲ್ಲೇ ಅವಸರಪಟ್ಟು ಕಣ್ಣು ಕಿರಿದು ಮಾಡಿ ನೋಡುತ್ತಾರೆ, ಕೂಡಲೇ ಎಲ್ಲಾ ಒಡೆದು ಮತ್ತೆ ಎರಡಾಗುತ್ತದೆ. ಯಾಕೆಂದರೆ ಹತ್ತಿರಕ್ಕೆ ಫೋಕಸ್ ಮಾಡಿದ ತಕ್ಷಣ ಎರಡೂ ಕಣ್ಣು ಒಳಕ್ಕೆ ತಿರುಗುವುದು ಚಿಕ್ಕಂದಿನಿಂದ ಬಂದ ಅಭ್ಯಾಸ. ಈಗ ಕಣ್ಣು ದೂರಕ್ಕೆ, ಫೋಕಸ್ ಹತ್ತಿರಕ್ಕೆ ಇರಬೇಕು. ಸುಮ್ನೆ ಕಾಯಿರಿ, ಫೋಕಸ್ ತಾನಾಗಿ ಬರುತ್ತದೆ. ನಡುವಿನ ಎರಡು ಚಿತ್ರ ಮೇಲೆ-ಕೆಳಗೆ ನಿಂತರೆ ತಲೆ ಓರೆಯಾಗಿದೆ ಅಂತ ಅರ್ಥ, ನೇರ ಮಾಡಿಕೊಳ್ಳಿ. ಕಣ್ಣು ನೋಯಲು ಶುರುವಾದರೆ ನಿಲ್ಲಿಸಿ, ನಾಳೆ ನೋಡಿ.

ಕೂಡಿಕೊಂಡಾಗ ಕುಂಡ ಫೋನಿನೊಳಗೆ ನಿಜವಾಗಿ ನಿಂತಿರುವಂತೆ ಕಾಣುತ್ತದೆ. ಮೆಳ್ಳಗಣ್ಣು ಇರುವ, ಅಥವಾ ಒಂದು ಕಣ್ಣಿನ ದೃಷ್ಟಿ ಮಂದವಾಗಿರುವ ಕೆಲವರಿಗೆ ಎಷ್ಟು ಮಾಡಿದರೂ ಕೂಡುವುದಿಲ್ಲ. ಮಕ್ಕಳಿಗೆ ಹಾಗಾಗುತ್ತಿದ್ದರೆ ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ, ಬೇಗ ಗೊತ್ತಾದಷ್ಟೂ ಚಿಕಿತ್ಸೆ ಸುಲಭ.

ಇನ್ನೊಂದು ಮಾಡಿ ನೋಡಲೇಬೇಕು. ಎರಡೂ ಫೋಟೋ ಅದಲು ಬದಲು ಮಾಡಿ ನೋಡಿ. ಉಬ್ಬಿದ್ದು ತಗ್ಗಾಗುತ್ತದೆ, ಮುಂದಿದ್ದದ್ದು ಹಿಂದೆ ಹೋಗುತ್ತದೆ. ಆದರೆ ಮನುಷ್ಯನ ಮುಖದ ಫೋಟೋ ಇಟ್ಟರೆ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಮೂಗು ಮುಂದಕ್ಕೇ ಇರುತ್ತದೆ ಅಂತ ಮಿದುಳಿಗೆ ಎಷ್ಟು ಖಾತ್ರಿ ಅಂದರೆ, ಎರಡು ಕಣ್ಣೂ ಒಟ್ಟಿಗೆ ಹೇಳಿದ್ದನ್ನೇ ಅದು ತಳ್ಳಿಹಾಕುತ್ತದೆ.