ಅಲ್ಯೂಮಿನಿಯಂ ಪ್ರೊಫೈಲಿಗೆ ಟಿ-ನಟ್ ಹೊಂದಿಸುವುದು ಹೇಗೆ?

ಅಲ್ಯೂಮಿನಿಯಂ ಪ್ರೊಫೈಲ್ ಅಂದರೆ ಉದ್ದಕ್ಕೂ ಸ್ಲಾಟ್ (ಸೀಳು) ಇರುವ ಕಂಬಿ; ಆ ಸ್ಲಾಟಿನೊಳಗೆ ಕೂತು ಬೋಲ್ಟನ್ನು ಹಿಡಿಯೋದೇ ಟಿ-ನಟ್. ತುಮಕೂರಿನ ಅಂತರಸನಹಳ್ಳಿಯ ನಮ್ಮ ಶೆಡ್ಡಿಗೆ ಬರುವವರು ಹೆಚ್ಚಾಗಿ ಕೇಳೋದು, "ಅಣ್ಣ, ಫಾರ್ಟಿ-ಫಾರ್ಟಿಗೆ ಟಿ-ನಟ್ ಇದೆಯಾ?" ಅಂತ. ಇದೆ. ಆದರೆ ಯಾವ ಫಾರ್ಟಿ? ಐಟಂ ಅನ್ನೋ ಕಂಪನಿಯ 40×40 ಎಂಎಂ ಪ್ರೊಫೈಲಿನಲ್ಲಿ ಸ್ಲಾಟಿನ ಬಾಯಿ 8 ಎಂಎಂ, ಬಾಷ್ ರೆಕ್ಸ್‌ರಾತ್‌ದರಲ್ಲಿ 10 ಎಂಎಂ. ಈ ಎರಡೂ ಮಾದರಿಯ ಪ್ರೊಫೈಲನ್ನು ಬೇರೆ ಎಷ್ಟೋ ಜನ ಮಾಡ್ತಾರೆ. ವಸಂತನರಸಾಪುರದ ಕಡೆ ಫ್ಯಾಕ್ಟರಿಗಳಲ್ಲಿ ಹಳೇ ಲೈನ್ ಬಿಚ್ಚಿ ಗುಜರಿಗೆ ಹಾಕಿದಾಗ ಎರಡೂ ಒಂದೇ ರಾಶಿಯಲ್ಲಿ ಬಿದ್ದಿರುತ್ತವೆ. ಕೆಜಿ ಲೆಕ್ಕದಲ್ಲಿ ತಂದು, ಮನೆಗೆ ಬಂದಮೇಲೆ ನಟ್ ಹುಡುಕಬೇಡಿ.

ವರ್ನಿಯರ್ ತಗೊಂಡು ಕೊಯ್ದ ತುದಿಯಲ್ಲಿ ನೋಡಿ. ಮೊದಲು ಬಾಯಿಯ ಅಗಲ, ಆಮೇಲೆ ತುಟಿಯ ದಪ್ಪ, ಅಂದರೆ ನಟ್ ಒಳಗಿನಿಂದ ಹಿಡಿದುಕೊಳ್ಳುವ ಆ ಅಂಚು. ಕೊನೆಗೆ ಒಳಗಿನ ಅಗಲ ಮತ್ತು ಆಳ. ಬಾಯಿಯೊಂದನ್ನೇ ಅಳೆದು ನಿಲ್ಲಿಸುವವರೇ ಜಾಸ್ತಿ. 30ರ ಪ್ರೊಫೈಲಿನಲ್ಲೂ 8 ಎಂಎಂ ಬಾಯಿ ಇರುತ್ತೆ, 40ರಲ್ಲೂ ಇರುತ್ತೆ, ಒಳಗಿನ ಜಾಗ ಮಾತ್ರ ಒಂದೇ ಅಲ್ಲ. ಒಂದರ ನಟ್ ಇನ್ನೊಂದರಲ್ಲಿ ಸಿಕ್ಕಿಕೊಳ್ಳುತ್ತೆ, ಇಲ್ಲಾಂದ್ರೆ ಲಡಬಡ ಆಡುತ್ತೆ. ಅಳತೆಯನ್ನು ಮಾರ್ಕರಿನಲ್ಲಿ ಪ್ರೊಫೈಲಿನ ಮೇಲೇ ಬರೆದಿಡಿ.

ಎರಡು ಕಂಪನಿಯ ಪ್ರೊಫೈಲ್ ಒಂದೇ ಫ್ರೇಮಿನಲ್ಲಿ ಸೇರಿಸಬಾರದು ಅನ್ನೋರಿದ್ದಾರೆ. ನಾನು ಒಪ್ಪಲ್ಲ. ನಟ್ ಸ್ಲಾಟಿಗೆ ಹೊಂದಬೇಕು, ಬೋಲ್ಟ್ ನಟ್ಟಿಗೆ ಹೊಂದಬೇಕು, ಬ್ರಾಕೆಟ್ಟಿನ ತೂತು ಬೋಲ್ಟಿಗಿಂತ ಸ್ವಲ್ಪ ದೊಡ್ಡದಿದ್ದರೆ ಸಾಕು. ಎಲ್ ಬ್ರಾಕೆಟ್ಟಿನ ಒಂದು ಕಡೆ 8ರ ಸ್ಲಾಟಿನ ಎಂ6 (6 ಎಂಎಂ ಬೋಲ್ಟಿನ) ನಟ್, ಇನ್ನೊಂದು ಕಡೆ 10ರ ಸ್ಲಾಟಿನ ಎಂ8 ನಟ್ ಹಾಕಿದರೂ ಜಾಯಿಂಟ್ ಗಟ್ಟಿಯಾಗೇ ಕೂರುತ್ತೆ. ಅಡ್ಡ ಬರೋದು ಬ್ರಾಕೆಟ್ಟಿನ ಕೆಳಗಿರುವ ಪುಟ್ಟ ಮೂಗು. ಅದು ಒಂದೇ ಅಗಲದ ಸ್ಲಾಟಿನಲ್ಲಿ ಕೂರಲಿ ಅಂತ ಮಾಡಿರೋದು. ದೊಡ್ಡದಾದರೆ ಅರದಲ್ಲಿ ಉಜ್ಜಿ ತೆಗೆಯಿರಿ, ಆಮೇಲೆ ಮೂಲೆಮಟ್ಟ ಇಟ್ಟು 90 ಡಿಗ್ರಿ ನೋಡಿಕೊಂಡು ಬಿಗಿ ಮಾಡಿ.

ಇಂಚಿನ ಪ್ರೊಫೈಲ್ ಬಂದರೆ ಮಾತ್ರ ಹುಷಾರು. ಅಮೆರಿಕದ 80/20 ಕಂಪನಿಯ 10 ಸೀರೀಸ್ ಅಂದರೆ 1 ಇಂಚು, ಅಂದರೆ 25.4 ಎಂಎಂ. 15 ಸೀರೀಸ್ 38.1 ಎಂಎಂ. ಹೊರದೇಶದ ಮೆಷಿನ್ನಿನ ಗಾರ್ಡ್ ಬಿಚ್ಚಿದಾಗ ಇಂಥವು ಸಿಗುತ್ತವೆ, ಕಣ್ಣಿಗೆ 25, 40 ಅನ್ನಿಸುತ್ತವೆ. 40ರ ಪಕ್ಕ 38.1 ನಿಲ್ಲಿಸಿದರೆ 1.9 ಎಂಎಂ ಮೆಟ್ಟಿಲು ಬಿತ್ತು, ಶೀಟ್ ಸಪಾಟಾಗಿ ಕೂರಲ್ಲ. ಬೋಲ್ಟಿನ ಕಥೆ ಇನ್ನೂ ಕೆಟ್ಟದ್ದು. 5/16 ಇಂಚಿನ ಬೋಲ್ಟಿನ ಪಿಚ್ (ಥ್ರೆಡ್ಡಿನ ಒಂದು ಸುತ್ತಿಗೂ ಇನ್ನೊಂದಕ್ಕೂ ಇರುವ ಅಂತರ) ಸುಮಾರು 1.41 ಎಂಎಂ, ಎಂ8ರದ್ದು 1.25. ಎಂ8 ನಟ್ಟಿಗೆ ಅದು ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತೆ. "ಸ್ವಲ್ಪ ಬಿಗಿ ಇದೆ" ಅಂತ ಸ್ಪ್ಯಾನರ್ ಉದ್ದ ಮಾಡಿದಿರೋ, ಥ್ರೆಡ್ ಹೋಯ್ತು. ಕೈಯಲ್ಲಿ ಪೂರ್ತಿ ತಿರುಗದ ಬೋಲ್ಟನ್ನು ಬಿಚ್ಚಿ ಪಕ್ಕಕ್ಕಿಡಿ.

ಎಸ್‌ಐಟಿ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ತರೋದು 2020, ಅಂದರೆ 20×20 ಎಂಎಂ ಪ್ರೊಫೈಲ್, 3ಡಿ ಪ್ರಿಂಟರ್ ಫ್ರೇಮಿಗೆ. ಅದರಲ್ಲೂ ಜಾತಿಗಳಿವೆ: ಐಟಂನದ್ದು 5 ಎಂಎಂ ಬಾಯಿ, ಮಿಸುಮಿಯದ್ದು 6. ವಿ-ಸ್ಲಾಟ್ ಅನ್ನೋದರಲ್ಲಿ ಬಾಯಿಯ ಅಂಚು ಇಳಿಜಾರು. 6ರ ಟಿ-ನಟ್ ಅದಕ್ಕೆ ಸಾಮಾನ್ಯವಾಗಿ ನಡೆಯುತ್ತೆ. ಆದರೆ ವಿ-ಚಕ್ರ ಓಡೋದು ವಿ-ಸ್ಲಾಟಿನಲ್ಲಿ ಮಾತ್ರ, ಮಾಮೂಲಿ ಪ್ರೊಫೈಲಿಗೆ ಹಾಕಬೇಡಿ.

ಫ್ರೇಮ್ ಕಟ್ಟಿದ ಮೇಲೆ ನಟ್ ಸೇರಿಸಬೇಕಾದರೆ ಹ್ಯಾಮರ್ ನಟ್ ಬೇಕು, ಬಾಯಿಯಿಂದಲೇ ಒಳಗೆ ಹೋಗಿ 90 ಡಿಗ್ರಿ ತಿರುಗಿ ಕಚ್ಚುವಂಥದ್ದು. ತೂಕ ಹೊರುವ ಕಡೆ ನನಗೆ ತುದಿಯಿಂದ ತೂರಿಸುವ ಉದ್ದ ನಟ್ಟೇ ಇಷ್ಟ, ಅದು ತುಟಿಯನ್ನು ಜಾಸ್ತಿ ಹಿಡಿಯುತ್ತೆ. ಅದನ್ನು ಜೋಡಿಸುವ ಮುಂಚೆ ಹಾಕಬೇಕು, ಎರಡು ಎಕ್ಸ್‌ಟ್ರಾ ಹಾಕಿಟ್ಟರೆ ಇನ್ನೂ ಒಳ್ಳೇದು.

ಹ್ಯಾಮರ್ ನಟ್ ಕಚ್ಚಲಿಲ್ಲ ಅಂದರೆ ಬೋಲ್ಟನ್ನು ಅರ್ಧ ಸುತ್ತು ಹಿಂದೆ ತಿರುಗಿಸಿ, ಮತ್ತೆ ಸರ್ರನೆ ಮುಂದಕ್ಕೆ ತಿರುಗಿಸಿ, ನಟ್ ತಿರುಗಿಕೊಳ್ಳುತ್ತೆ. ಅಲೆನ್ ಕೀ ಬಿಗಿಯಾಗಿದೆ, ಆದರೂ ಬ್ರಾಕೆಟ್ ಬೆರಳಲ್ಲಿ ಅಲುಗಾಡುತ್ತಿದೆ ಅಂದರೆ ಬೋಲ್ಟ್ ಉದ್ದವಾಗಿ ಅದರ ತುದಿ ಸ್ಲಾಟಿನ ತಳಕ್ಕೆ ತಾಗಿದೆ. 2 ಎಂಎಂ ಚಿಕ್ಕ ಬೋಲ್ಟ್ ಹಾಕಿ, ಇಲ್ಲವೇ ಬೋಲ್ಟಿನ ತಲೆಯ ಕೆಳಗೆ ಒಂದು ವಾಷರ್ ಸೇರಿಸಿ. 2020ಕ್ಕೆ 4 ಎಂಎಂ ದಪ್ಪದ ಬ್ರಾಕೆಟ್ ಇದ್ದರೆ ನಾನು ಎಂ5×8ರಿಂದ ಶುರು ಮಾಡ್ತೀನಿ.

ಪ್ರೊಫೈಲಿನ ತುದಿಯ ನಡು ತೂತಿಗೆ ಟ್ಯಾಪ್ ಹೊಡೆದು ಥ್ರೆಡ್ ಮಾಡೋದಾದರೂ ಅಳೆದೇ ಹೊಡೆಯಿರಿ. 4.2 ಎಂಎಂ ಇದ್ದರೆ ಎಂ5, 5 ಇದ್ದರೆ ಎಂ6, 6.8 ಇದ್ದರೆ ಎಂ8. ಸೀಮೆಎಣ್ಣೆ ಹಾಕಿಕೊಂಡು, ಅರ್ಧ ಸುತ್ತಿಗೊಮ್ಮೆ ಹಿಂದೆ ತಿರುಗಿಸಿ ಚೂರು ಉದುರಿಸಿ. ಬೆಂಗಳೂರಿನ ಎಸ್‌ಪಿ ರೋಡಿಗೆ ನಟ್ ತರಲು ಹೋಗುವವರು ಫೋನಿನಲ್ಲಿ ಫೋಟೋ ತಗೊಂಡು ಹೋಗಬೇಡಿ. ಎರಡು ಇಂಚು ಪ್ರೊಫೈಲ್ ಕೊಯ್ದು ಜೇಬಿಗೆ ಹಾಕಿಕೊಂಡು ಹೋಗಿ, ಅಂಗಡಿಯಲ್ಲೇ ನಟ್ ತೂರಿಸಿ ನೋಡಿ ದುಡ್ಡು ಕೊಡಿ.